ಬೆಲ್ಲಳ ಕಟಿಂಗ್: ಕೌಲ್ ಬಜಾರಿನ ಒಂದು ಪೂಡಲ್ ಪ್ರಕರಣ

ನಾಯಿ ಹೆಣ್ಣು ಪೂಡಲ್, ಹನ್ನೊಂದು ತಿಂಗಳಿನದು, ತಿಳಿ ಕಿತ್ತಳೆ ಛಾಯೆಯ ಏಪ್ರಿಕಾಟ್ ಬಣ್ಣ, ಹೆಸರು ಬೆಲ್ಲ. ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಕೆಳಗಿನ ಹಾಲ್‌ನಲ್ಲಿ ಜೀನ್ಸ್ ಹೊಲಿಯುವ ಮಷೀನುಗಳು, ಮಹಡಿಯಲ್ಲಿ ಸಂಸಾರ. ಕಾಲ ಏಪ್ರಿಲ್ ಮೊದಲ ವಾರ, ಬಳ್ಳಾರಿಯ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಬಂದು ನಿಲ್ಲುವ ಹೊತ್ತು. ನಾನು ಮನೆಗಳಿಗೆ ಹೋಗಿ ನಾಯಿಗಳ ಕೂದಲು ಕತ್ತರಿಸುವವನು. ಪೂಡಲ್‌ಗೆ ಯಾವ ಕಟ್ ಇರಬೇಕು, ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳುವವರಿಗೆಲ್ಲ ನಾನು ಹೇಳಬೇಕೆಂದಿರುವುದು ಈ ಒಂದು ಮನೆಯ ಕಥೆಯಲ್ಲೇ ಸಿಗುತ್ತದೆ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಒಂದು ನಾಯಿ, ನಾಲ್ಕು ಮಾತು

ಮನೆಯ ತಾತ ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದರು. "ಪೂರಾ ಬೋಳಿಸಿಬಿಡು ತಮ್ಮಾ. ಈ ಬಿಸಿಲಾಗ ಅಷ್ಟು ಕೂದ್ಲು ಇಟ್ಕೊಂಡು ಅದು ಹೆಂಗ ಬದುಕಬೇಕು?" ಆರನೇ ಕ್ಲಾಸಿನ ಮಗಳು ಮೊಬೈಲಿನಲ್ಲಿ ಫೋಟೋ ತೆರೆದು ನಿಂತಿದ್ದಳು: ದುಂಡು ಮುಖದ ಟೆಡ್ಡಿ ಬೇರ್ ಕಟ್, ಗೊಂಬೆಯೋ ನಾಯಿಯೋ ಗೊತ್ತಾಗದಂಥದ್ದು. ಅಪ್ಪ ಜೀನ್ಸ್ ಯೂನಿಟ್ಟಿನ ಕಟಿಂಗ್ ಮಾಸ್ಟರ್. "ಕತ್ತರಿ ನನ್ನ ಕೈಯಾಗ ದಿನಾ ಆಡ್ತೈತ್ರಿ. ಎಲ್ಲಿ ತೆಗೀಬೇಕು ತೋರಿಸ್ರಿ ಸಾಕು, ನಾನೇ ತೆಗೀತೀನಿ" ಎಂದರು. ಕೊನೆಗೆ ಅಮ್ಮ ಹೇಳಿದ್ದು: "ನೋಡಾಕ ಚೆಂದ ಇರ್ಲಿ ಅಣ್ಣ. ಆದ್ರ ದಿನಾ ಬಾಚೂದು ನನ್ನ ಕೈಲೆ ಆಗಂಗಿಲ್ಲ."

ನಾಲ್ಕು ಮಾತಿನಲ್ಲಿ ಕಟ್ ನಿರ್ಧರಿಸಿದ್ದು ಈ ಕೊನೆಯದು. ಪೂಡಲ್ ಕೂದಲಿನ ಉದ್ದವನ್ನು ತೀರ್ಮಾನಿಸಬೇಕಾದದ್ದು ಆ ಮನೆಯಲ್ಲಿ ವಾರಕ್ಕೆ ಎಷ್ಟು ಹೊತ್ತು ಬಾಚಣಿಗೆ ಓಡುತ್ತದೆ ಎಂಬುದು. ಬಿಸಿಲು, ನೀರು, ಫೋಟೋ ಎಲ್ಲ ಆಮೇಲೆ ಬರುತ್ತವೆ.

ಕೈಗೆ ಸಿಕ್ಕಿದ್ದು

ಮೇಲುನೋಟಕ್ಕೆ ಬೆಲ್ಲ ಚೆನ್ನಾಗಿಯೇ ಕಾಣುತ್ತಿದ್ದಳು, ಕೂದಲು ಸೊಂಪಾಗಿ ಉಬ್ಬಿಕೊಂಡಿತ್ತು. ಮನೆಯವರು ವಾರಕ್ಕೊಮ್ಮೆ ಬ್ರಷ್ ಮಾಡುತ್ತಿದ್ದುದೂ ನಿಜ. ಆದರೆ ಆ ಬ್ರಷ್ ಮೇಲಿನ ಪದರದಲ್ಲೇ ಓಡಾಡಿತ್ತು. ಸ್ಟೀಲ್ ಬಾಚಣಿಗೆಯನ್ನು ಚರ್ಮಕ್ಕೆ ತಾಗುವಂತೆ ಇಳಿಸಿ ಎಳೆದರೆ ಬೆನ್ನಿನ ಮೇಲೆ ತಡವರಿಸುತ್ತಾದರೂ ಬಂತು, ಕಂಕುಳಲ್ಲಿ ನಿಂತೇಬಿಟ್ಟಿತು. ಕಿವಿಯ ಹಿಂದೆ, ಮುಂಗಾಲುಗಳ ಸಂದಿಯಲ್ಲಿ, ತೊಡೆಯ ಒಳಭಾಗದಲ್ಲಿ, ಬಾಲದ ಬುಡದಲ್ಲಿ, ಹಾರ್ನೆಸ್ ಪಟ್ಟಿ ಕೂರುವ ಎದೆಯ ಮೇಲೆ ಕೂದಲು ಸಿಕ್ಕುಗಟ್ಟಿ ಚರ್ಮಕ್ಕೆ ಬಿಗಿದುಕೊಂಡಿತ್ತು. ಬಲಗಿವಿಯ ಹಿಂದಿನ ಗಂಟು ಬೆರಳಿನಿಂದ ಬಿಡಿಸಲಾಗದಷ್ಟು ಗಟ್ಟಿ. ಅದನ್ನು ಮುಟ್ಟಿದರೆ ಬೆಲ್ಲ ತಲೆ ತಿರುಗಿಸಿ ಕೈ ನೆಕ್ಕುತ್ತಿದ್ದಳು. ಬಿಡು ಎಂದು ಕೇಳುವ ರೀತಿ ಅದು. ಎಷ್ಟೋ ನಾಯಿಗಳು ಅದನ್ನೇ ಕಚ್ಚಿ ಕೇಳುತ್ತವೆ, ಆಗ ಅವಕ್ಕೆ ಸಿಟ್ಟಿನ ನಾಯಿ ಎಂಬ ಹೆಸರು ಬೀಳುತ್ತದೆ.

ಆ ಗಂಟಿನ ಅಂಚನ್ನು ಕೊಂಚ ಸೀಳಿ ನೋಡಿದೆ. ಒಳಗೆ ನೀಲಿ ದಾರದ ತುಣುಕುಗಳು, ಕೆಳಗಿನ ಹಾಲ್‌ನಲ್ಲಿ ಮಷೀನಿನಿಂದ ಉದುರಿದವು. ನಮ್ಮೂರ ಕೆಂಪು ಧೂಳು. ಒಂದು ನೆಗ್ಗಿಲ ಮುಳ್ಳು. ಏಪ್ರಿಕಾಟ್ ಬಣ್ಣದ ಮೇಲೆ ಕೆಂಪು ಧೂಳು ಕಾಣುವುದೇ ಇಲ್ಲ, ಬಿಳಿ ನಾಯಿಯಾಗಿದ್ದರೆ ಮನೆಯವರಿಗೆ ಯಾವಾಗಲೋ ಗೊತ್ತಾಗುತ್ತಿತ್ತು. ಹಿಂಗಾಲಿನ ಬೆರಳ ಸಂದಿಯಲ್ಲಿ ಉಣ್ಣಿಗಳೂ ಇದ್ದವು.

ಉಣ್ಣಿ ಕಂಡ ಮೇಲೆ ಅವತ್ತು ನಾನು ಕೂದಲು ಕತ್ತರಿಸುವ ಮಷೀನು ಎತ್ತಲಿಲ್ಲ. ಮೊದಲು ಪಶು ವೈದ್ಯರಿಗೆ ತೋರಿಸಿಕೊಂಡು ಬನ್ನಿ ಎಂದೆ. ಉಣ್ಣಿಯಿಂದ ಎರ್ಲಿಕಿಯಾದಂಥ ಜ್ವರ ಬರುತ್ತದೆ. ಊಟ ಬಿಡುವುದು, ಮಂಕಾಗುವುದು, ಕೆಲವೊಮ್ಮೆ ಮೂಗಿನಲ್ಲಿ ರಕ್ತ ಬರುವುದು ಅದರ ಲಕ್ಷಣಗಳು. ಪೂಡಲ್‌ನ ದಟ್ಟ ಕೂದಲಲ್ಲಿ ಉಣ್ಣಿ ದೊಡ್ಡದಾಗುವವರೆಗೆ ಕಣ್ಣಿಗೇ ಬೀಳುವುದಿಲ್ಲ. ಬೆಲ್ಲಳಿಗೆ ಜ್ವರ ಇರಲಿಲ್ಲ, ವೈದ್ಯರು ಉಣ್ಣಿಯ ಔಷಧಿ ಕೊಟ್ಟು ಕಳಿಸಿದರು. ಬೆನ್ನಿಗೆ ಬಿಡುವ ಹನಿ ಔಷಧಿಯಾದರೆ ಅದರ ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಮಾಡಿಸಬಾರದು ಎಂಬುದನ್ನು ಲೆಕ್ಕ ಹಾಕಿ ಮುಂದಿನ ವಾರಕ್ಕೆ ಕೆಲಸ ಇಟ್ಟುಕೊಂಡೆವು. ಮಂಗಳವಾರ ಎಂದದ್ದಕ್ಕೆ ಅಜ್ಜಿ ಒಳಗಿನಿಂದಲೇ, "ಮಂಗಳವಾರ ಕತ್ತರಿ ಹಾಕಬ್ಯಾಡ್ರಿ" ಎಂದರು. ಬುಧವಾರ ಆಯಿತು.

ಇನ್ನೊಂದು ಸಂಗತಿಯನ್ನೂ ಅಳೆದು ನೋಡಿದೆ. ಮಾರಿದವರು ಟಾಯ್ ಪೂಡಲ್ ಎಂದು ಹೇಳಿದ್ದರಂತೆ. ಭುಜದವರೆಗಿನ ಎತ್ತರ 32 ಸೆಂ.ಮೀ. ನಾಯಿ ತಳಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐ ಮಾನದಂಡದಲ್ಲಿ 28 ಸೆಂ.ಮೀ. ದಾಟಿ 35ರವರೆಗೆ ಇರುವುದು ಮಿನಿಯೇಚರ್, ಟಾಯ್‌ಗಿಂತ ಒಂದು ಅಳತೆ ದೊಡ್ಡದು. ನಾಯಿ ಯಾವುದಾದರೂ ಪ್ರೀತಿಗೇನು ಕಡಿಮೆಯಿಲ್ಲ. ಆದರೆ ಬಾಚಬೇಕಾದ ಮೈ ಅಂದುಕೊಂಡದ್ದಕ್ಕಿಂತ ದೊಡ್ಡದು, ಆ ಲೆಕ್ಕ ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಯಾಕೆ ಈ ವಯಸ್ಸಿನಲ್ಲೇ

ಪೂಡಲ್‌ಗೆ ಒಂದೇ ಪದರದ ಗುಂಗುರು ಕೂದಲು. ಅದು ನಿಲ್ಲದೆ ಬೆಳೆಯುತ್ತದೆ. ಉದುರುವ ಕೂದಲು ನೆಲಕ್ಕೆ ಬೀಳದೆ ಗುಂಗುರಿನೊಳಗೇ ಸಿಕ್ಕಿಕೊಳ್ಳುತ್ತದೆ. "ಪೂಡಲ್ ಕೂದಲು ಉದುರಿಸಲ್ಲ" ಎಂದು ಮಾರುವವರು ಹೇಳುವ ಮಾತಿನ ಇನ್ನರ್ಧ ಇದು: ಸೋಫಾದ ಮೇಲೆ ಬೀಳದ ಕೂದಲು ನಾಯಿಯ ಮೈಮೇಲೇ ಉಳಿಯುತ್ತದೆ, ಅದನ್ನು ನಾವು ಬಾಚಿ ತೆಗೆಯಬೇಕು. ಅದರ ಮೇಲೆ, ಒಂಬತ್ತು ತಿಂಗಳಿನಿಂದ ಒಂದೂವರೆ ವರ್ಷದೊಳಗೆ ಮರಿಯ ಮೆತ್ತನೆಯ ಕೂದಲು ಹೋಗಿ ದೊಡ್ಡ ನಾಯಿಯ ದಟ್ಟ ಕೂದಲು ಬರುತ್ತದೆ. ಆ ಬದಲಾವಣೆಯ ತಿಂಗಳುಗಳಲ್ಲಿ ಸಿಕ್ಕು ವಿಪರೀತ. ಇಷ್ಟು ದಿನ ವಾರಕ್ಕೊಮ್ಮೆ ಬಾಚಿ ಏನೂ ಆಗದ ಮನೆಯಲ್ಲಿ ಏಕಾಏಕಿ ಗಂಟುಗಳು ಹುಟ್ಟುವುದು ಇದರಿಂದಲೇ.

ಬೆಲ್ಲಳ ವಿಷಯದಲ್ಲಿ ಇನ್ನೊಂದೂ ಸೇರಿಕೊಂಡಿತ್ತು. ಎರಡು ವಾರದ ಹಿಂದೆ ಒಂದು ಕಡೆ ಸ್ನಾನಕ್ಕೆ ಬಿಟ್ಟಿದ್ದರು, ಅಲ್ಲಿ ಬಾಚದೇ ನೀರು ಹಾಕಿ ಹಾಗೇ ಒಣಗಲು ಬಿಟ್ಟರಂತೆ. ತಾತನ ತಂದೆಯ ಕಾಲದಲ್ಲಿ ಆ ಮನೆಯಲ್ಲಿ ಕುರಿ ಇದ್ದವು, ಹಾಗಾಗಿ ಅವರಿಗೆ ಹೇಳುವುದು ಸುಲಭವಾಯಿತು. ಕಂಬಳಿಯನ್ನು ನೆನೆಸಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಬಿಗಿದು ಹೇಗೆ ದಪ್ಪಗಾಗುತ್ತದೋ, ನೀರು ಕುಡಿದ ಸಿಕ್ಕಿನ ಮೇಲೆ ನಾಯಿ ಮಲಗಿ ಎದ್ದು ಓಡಾಡಿದರೆ ಅದೇ ಆಗುತ್ತದೆ. ಕಂಬಳಿಗೆ ಅದು ಬೇಕು. ಇಲ್ಲಿ ಬಿಗಿಯುವುದು ಜೀವ ಇರುವ ಚರ್ಮವನ್ನು. ತಾತ ತಲೆಯಾಡಿಸಿ, "ಹಂಗಾರ ಕುರಿಗೆ ವರ್ಷಕ್ಕೆ ಎರಡು ಸಲ ಸಾಕು, ಇದಕ್ಕ ಸಾಲಂಗಿಲ್ಲ" ಎಂದು ತಾವೇ ಹೇಳಿದರು.

ಯಾವ ಕಟ್, ಯಾಕೆ

ಪೂಡಲ್ ಕಟ್‌ಗಳಿಗೆ ಹೆಸರು ಬಹಳ. ನಾಯಿ ಪ್ರದರ್ಶನಗಳ ಶೋ ರಿಂಗ್‌ನಲ್ಲಿ ಕಾಣುವ ಕಾಂಟಿನೆಂಟಲ್ ಮತ್ತು ಇಂಗ್ಲಿಷ್ ಸ್ಯಾಡಲ್ ಕಟ್‌ಗಳ ಮೂಲ ಬೇಟೆಯಲ್ಲಿದೆ. ಪೂಡಲ್ ನೀರಿಗಿಳಿದು ಹೊಡೆದ ಬಾತುಕೋಳಿ ತರುತ್ತಿದ್ದ ನಾಯಿ. ಈಜಲು ಭಾರವಾಗದಿರಲಿ ಎಂದು ಹಿಂಭಾಗ ಬೋಳಿಸಿ, ತಣ್ಣೀರಿನಲ್ಲಿ ಎದೆಗೂ ಕೀಲುಗಳಿಗೂ ಬೆಚ್ಚಗಿರಲಿ ಎಂದು ಅಲ್ಲಲ್ಲಿ ಕೂದಲು ಬಿಡುತ್ತಿದ್ದರು. ಕೌಲ್ ಬಜಾರಿನ ಬೆಲ್ಲಳಿಗೆ ಆ ತಣ್ಣೀರೂ ಇಲ್ಲ, ಆ ಕೆಲಸವೂ ಇಲ್ಲ. ಆದರೆ ಆ ಬೇಟೆಗಾರರು ಹಿಡಿದ ದಾರಿ ನಮಗೂ ಬೇಕು. ನಾಯಿ ದಿನವಿಡೀ ಏನು ಮಾಡುತ್ತದೋ ಅದಕ್ಕೆ ಸರಿಯಾಗಿ ಕೂದಲು ಇಡುವುದು.

ತಾತ ಹೇಳಿದ ಬೋಳು ಯಾಕೆ ಬೇಡ? ಮಷೀನಿನ 10ನೇ ನಂಬರ್ ಬ್ಲೇಡ್ ಸುಮಾರು 1.5 ಮಿ.ಮೀ. ಕೂದಲು ಬಿಡುತ್ತದೆ. ಮೈಯೆಲ್ಲ ಹಾಗೆ ತೆಗೆದರೆ ತಿಳಿ ಬಣ್ಣದ ನಾಯಿಯ ಚರ್ಮಕ್ಕೆ ನೇರ ಬಿಸಿಲು ತಾಗುತ್ತದೆ, ಕೆಂಪಾಗುತ್ತದೆ, ಕೆರೆತ ಶುರುವಾಗುತ್ತದೆ. ನಾಯಿ ತಂಪಾಗುವುದು ಮುಖ್ಯವಾಗಿ ಏದುಸಿರಿನಿಂದ. ನೆರಳು, ನೀರು, ಬೆಳಗ್ಗೆ ಏಳರೊಳಗಿನ ವಾಕಿಂಗ್ ಕೊಡುವ ತಂಪನ್ನು ಬೋಳು ಮೈ ಕೊಡುವುದಿಲ್ಲ. ಆರೇಳು ಮಿ.ಮೀ. ಕೂದಲಿದ್ದರೆ ಬಿಸಿಲು ಚರ್ಮಕ್ಕೆ ಹೊಡೆಯುವುದಿಲ್ಲ, ಫ್ಯಾನ್ ಗಾಳಿಯೂ ಒಳಗೆ ಹೋಗುತ್ತದೆ. (ಇದನ್ನು ಓದಿ ಪಾಮರೇನಿಯನ್ ಇರುವವರು ಮಷೀನು ಹಿಡಿಯಬೇಡಿ. ಅದಕ್ಕಿರುವುದು ಎರಡು ಪದರ, ಬೋಳಿಸಿದರೆ ಕೆಲವಕ್ಕೆ ಕೂದಲು ಸರಿಯಾಗಿ ಮತ್ತೆ ಬರುವುದೇ ಇಲ್ಲ. ಪೂಡಲ್ ಲೆಕ್ಕ ಅದಕ್ಕೆ ಹೊಂದುವುದಿಲ್ಲ.)

ಮಗಳ ಟೆಡ್ಡಿ ಬೇರ್ ಯಾಕೆ ಬೇಡ? ಅದರಲ್ಲಿ ಮೂತಿಯ ಮೇಲೂ ಮೈಮೇಲೂ ಎರಡೂವರೆ ಸೆಂ.ಮೀ.ವರೆಗೆ ಕೂದಲು ಬಿಟ್ಟು ದುಂಡಗೆ ಕತ್ತರಿಸುತ್ತೇವೆ. ಅಷ್ಟು ಕೂದಲಿಗೆ ಹೆಚ್ಚುಕಡಿಮೆ ದಿನಾ ಬಾಚಣಿಗೆ ಬೇಕು, ಅದರಲ್ಲೂ ಕೂದಲು ಬದಲಾಗುವ ಈ ವಯಸ್ಸಿನಲ್ಲಿ. ಅಮ್ಮ ಮೊದಲ ದಿನವೇ ಪ್ರಾಮಾಣಿಕವಾಗಿ ಹೇಳಿದ್ದರು. ಆ ಪ್ರಾಮಾಣಿಕತೆಗೆ ನಾನು ಬೆಲೆ ಕೊಡುತ್ತೇನೆ. ದಿನಾ ಬಾಚುತ್ತೇವೆ ಎಂದು ಒಪ್ಪಿಕೊಂಡು ಬಾಚದಿದ್ದರೆ ನೋವು ತಿನ್ನುವುದು ನಾಯಿ.

ಉಳಿದದ್ದು ಲ್ಯಾಂಬ್ ಕ್ಲಿಪ್. ಮೈಮೇಲೆ ಗಿಡ್ಡ, ಕಾಲುಗಳ ಮೇಲೆ ಅದಕ್ಕಿಂತ ಒಂಚೂರು ಉದ್ದ, ಮುಖ ಮತ್ತು ಪಾದ ಸ್ವಚ್ಛ (ಅಂದರೆ ಕೂದಲು ಬುಡದವರೆಗೆ ತೆಗೆದದ್ದು), ತಲೆಯ ಮೇಲೆ ದುಂಡನೆಯ ಜುಟ್ಟು, ಬಾಲದ ತುದಿಯಲ್ಲಿ ಚೆಂಡು. ಪಾದ ಸ್ವಚ್ಛ ಇಡುವುದಕ್ಕೆ ಈ ಊರಲ್ಲಿ ದೊಡ್ಡ ಕಾರಣವಿದೆ. ಬಳ್ಳಾರಿ ಜಾಲಿಯ ಮುಳ್ಳು, ನೆಗ್ಗಿಲು, ಉಣ್ಣಿ, ಕೆಂಪು ಮಣ್ಣು ಎಲ್ಲ ಮೊದಲು ಸೇರಿಕೊಳ್ಳುವುದು ಬೆರಳ ಸಂದಿಗೆ. ಕೂದಲಿಲ್ಲದಿದ್ದರೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಜುಟ್ಟು, ಕಿವಿ, ಬಾಲ ಮಗಳ ಪಾಲು ಎಂದು ಹೇಳಿದೆ: "ಇಷ್ಟನ್ನ ನೀನು ದಿನಾ ಬಾಚಿದ್ರೆ ಚಳಿಗಾಲಕ್ಕೆ ನಿನ್ನ ಟೆಡ್ಡಿ ಮಾಡೋಣ ಪುಟ್ಟಿ." ಅವಳು ಸುಮ್ಮನೆ ಒಪ್ಪಲಿಲ್ಲ, ಚಳಿಗಾಲ ಎಂದರೆ ಯಾವ ತಿಂಗಳು ಎಂದು ಕೇಳಿ ಒಪ್ಪಿದಳು.

ಬುಧವಾರದ ಕೆಲಸ

ಸಾಮಾನ್ಯವಾಗಿ ಸ್ನಾನ ಮೊದಲು, ಕಟಿಂಗ್ ಆಮೇಲೆ. ಮಣ್ಣು ತುಂಬಿದ ಕೂದಲು ಬ್ಲೇಡಿನ ಹರಿತ ತಿಂದುಬಿಡುತ್ತದೆ. ಆದರೆ ಸಿಕ್ಕುಗಟ್ಟಿದ ನಾಯಿಗೆ ನೀರು ಹಾಕುವಂತಿಲ್ಲ, ಆದ್ದರಿಂದ ಒಣ ಮೈಮೇಲೇ ಗಂಟು ತೆಗೆಯಲು ಕುಳಿತೆ. ಮೊದಲು ಮಷೀನನ್ನು ಚಾಲೂ ಮಾಡಿ ಅದರ ಹಿಂಬದಿಯನ್ನು ಬೆಲ್ಲಳ ಭುಜಕ್ಕೆ ತಾಗಿಸಿ ಹಿಡಿದೆ. ಸದ್ದಿಗೂ ನಡುಕಕ್ಕೂ ಮೈ ಒಗ್ಗಿ ಅವಳು ಬಾಲ ಬಿಚ್ಚುವವರೆಗೆ ಕೂದಲಿಗೆ ಕೈ ಹಾಕಲಿಲ್ಲ.

ಅಪ್ಪನಿಗೆ ಕತ್ತರಿ ಕೊಡದಿದ್ದಕ್ಕೆ ಕಾರಣವನ್ನು ಅಲ್ಲೇ ತೋರಿಸಿದೆ. ಗಂಟನ್ನು ಎತ್ತಿ ಹಿಡಿದರೆ ಅದರೊಟ್ಟಿಗೆ ಚರ್ಮವೂ ಗುಡಾರದ ಹಾಗೆ ಏಳುತ್ತದೆ. ಕೂದಲು ಎಲ್ಲಿ ಮುಗಿಯಿತು, ಚರ್ಮ ಎಲ್ಲಿ ಶುರುವಾಯಿತು ಎಂಬುದು ಕತ್ತರಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಗಂಟು ತೆಗೆಯಲು ಹೋಗಿ ಗಾಯವಾಗುವುದು ಹೀಗೆಯೇ. ಮಷೀನಿನ ಬ್ಲೇಡನ್ನು ಚರ್ಮಕ್ಕೆ ಚಪ್ಪಟೆಯಾಗಿ ಮಲಗಿಸಿ, ಇನ್ನೊಂದು ಕೈಯಿಂದ ಚರ್ಮ ಎಳೆದು ಹಿಡಿದು, ಗಂಟಿನ ಅಡಿಯಿಂದ ನಿಧಾನ ಜಾರಿಸಬೇಕು. ಕಂಕುಳು ಮತ್ತು ತೊಡೆಗೆ 7ಎಫ್ ಬ್ಲೇಡ್, ಅಂದರೆ ಸುಮಾರು 3 ಮಿ.ಮೀ.; ಕಿವಿಯ ಹಿಂದೆ 10ನೇ ನಂಬರ್. ಓಡುತ್ತಾ ಓಡುತ್ತಾ ಬ್ಲೇಡ್ ಕಾಯುತ್ತದೆ, ಏಪ್ರಿಲ್‌ನ ಬಳ್ಳಾರಿಯಲ್ಲಿ ಇನ್ನೂ ಬೇಗ. ಆಗಾಗ ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡುತ್ತಿದ್ದೆ, ಬಿಸಿ ಅನ್ನಿಸಿದರೆ ಗ್ರಾನೈಟ್ ಕಟ್ಟೆಯ ಮೇಲಿಟ್ಟು ಇನ್ನೊಂದನ್ನು ಹಾಕಿಕೊಳ್ಳುತ್ತಿದ್ದೆ.

ಬಲಗಿವಿಯ ಗಂಟು ಒಂದೇ ಹಾಳೆಯಾಗಿ ಬಿಟ್ಟುಕೊಂಡು ಬಂತು. ಕೆಳಗಿನ ಚರ್ಮ ಕೆಂಪಗಿತ್ತು, ತೇವದ ವಾಸನೆಯಿತ್ತು, ಹುಣ್ಣಾಗಿರಲಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಬಿಗಿದ ಗಂಟು ಬಿಡುತ್ತಿದ್ದಂತೆ ಕಿವಿಗೆ ರಕ್ತ ನುಗ್ಗಿ ಜುಮ್ಮೆನ್ನುತ್ತದೆ, ನಾಯಿ ತಲೆ ಕೊಡವತೊಡಗುತ್ತದೆ, ಜೋರಾಗಿ ಕೊಡವಿದರೆ ಕಿವಿಯೊಳಗೆ ರಕ್ತ ಕಟ್ಟಿ ಊದಿಕೊಳ್ಳುವುದೂ ಉಂಟು. ಅಮ್ಮನ ಹಳೆಯ ಮೆತ್ತನೆಯ ವೇಲ್ ಇಸಿದುಕೊಂಡು ಎರಡೂ ಕಿವಿಗಳನ್ನು ತಲೆಗೆ ಸಡಿಲವಾಗಿ ಸುತ್ತಿ, ಬೆಲ್ಲ ಮಗಳ ಮಡಿಲಲ್ಲಿ ಸಮಾಧಾನವಾಗುವವರೆಗೆ ಕಾದೆವು.

ಬೆನ್ನಿನ ಕೂದಲನ್ನು ಬಾಚಿ ಉಳಿಸಿಕೊಳ್ಳಬಹುದಿತ್ತು, ಅಲ್ಲಿಗೆ 5ಎಫ್ ಬ್ಲೇಡ್, 6 ಮಿ.ಮೀ. ಆಮೇಲೆ ಸ್ನಾನ. ಮನೆಯ ಬೋರ್‌ವೆಲ್ ನೀರು ಗಡಸು. ಅದರಲ್ಲಿ ಶಾಂಪೂ ಪೂರ್ತಿ ಬಿಡದೆ ಕೂದಲು ಒರಟಾಗುತ್ತದೆ, ಒರಟು ಕೂದಲು ಬೇಗ ಸಿಕ್ಕಾಗುತ್ತದೆ. ನಳದಲ್ಲಿ ಬರುವ ತುಂಗಭದ್ರೆಯ ನೀರನ್ನು ತುಂಬಿಟ್ಟಿರಿ ಎಂದು ಮೊದಲೇ ಹೇಳಿದ್ದೆ. ಒಣಗಿಸುವಾಗ ಡ್ರೈಯರ್‌ನ ಬಿಸಿ ಕಡಿಮೆ ಇಟ್ಟು, ಗಾಳಿ ಬೀಳುವ ಜಾಗವನ್ನೇ ಸಣ್ಣ ತಂತಿ ಹಲ್ಲುಗಳ ಸ್ಲಿಕ್ಕರ್ ಬ್ರಷ್‌ನಿಂದ ಬಿಡಿಸುತ್ತಾ ಹೋಗಬೇಕು. ಗುಂಗುರು ನೆಟ್ಟಗಾದರೆ ಮಾತ್ರ ಕತ್ತರಿಯ ಮಟ್ಟ ಸರಿ ಬರುತ್ತದೆ. ಕಾಲುಗಳಿಗೆ ಕತ್ತರಿಯಲ್ಲೇ ಒಂದೂವರೆ ಸೆಂ.ಮೀ. ಬಿಟ್ಟೆ. ಮುಖಕ್ಕೆ 10ನೇ ನಂಬರ್: ಕಿವಿಯ ಮುಂಭಾಗದಿಂದ ಕಣ್ಣಿನ ಹೊರ ಮೂಲೆಗೆ ನೇರ ಗೆರೆ, ಎರಡು ಕಣ್ಣ ನಡುವೆ ತಲೆಕೆಳಗಾದ ವಿ, ಗಂಟಲಿನಲ್ಲಿ ಇನ್ನೊಂದು ವಿ. ಆ ಗೆರೆಗಳು ನೆಟ್ಟಗೆ ಬಿದ್ದ ಮೇಲೆ ಮೂತಿ ಚೂಪಾಗಿ, ಕಣ್ಣು ದೊಡ್ಡದಾಗಿ ಕಂಡು ಬೆಲ್ಲ ಪೂಡಲ್ ಆದಳು. ಕಿವಿಯ ಹಿಂಬದಿ ಬೋಳಾಗಿದ್ದುದನ್ನು ಮುಂಬದಿಯ ಕೂದಲು ಇಳಿಬಿದ್ದು ಮುಚ್ಚಿಕೊಂಡಿತು. ಜುಟ್ಟಿನ ಮುಂದೆ ನಿಂತು ಅಪ್ಪ ಕಣ್ಣಲ್ಲೇ ಅಳೆಯುತ್ತಿದ್ದರು. ಕೊನೆಯ ಸುತ್ತಿಗೆ ಬಾಗಿದ ಕತ್ತರಿಯನ್ನು ಅವರ ಕೈಗೆ ಕೊಟ್ಟೆ. ಕೈ ಒಂದು ಸಲವೂ ಅಲುಗಲಿಲ್ಲ.

ಮನೆಯವರ ಪಾಲಿಗೆ ಬಂದದ್ದು

ಬಾಚುವ ಕ್ರಮವನ್ನು ಅಮ್ಮನ ಕೈಯಲ್ಲೇ ಮಾಡಿಸಿದೆ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು ಚರ್ಮದ ಗೆರೆ ಕಾಣಿಸಬೇಕು, ಆ ಗೆರೆಯಿಂದ ಒಂದೊಂದೇ ಸಾಲು ಕೆಳಕ್ಕೆ ಬಿಡುತ್ತಾ ಬ್ರಷ್ ಮಾಡಬೇಕು, ಕೊನೆಗೆ ಸ್ಟೀಲ್ ಬಾಚಣಿಗೆ ಬುಡದಿಂದ ತುದಿಗೆ ಓಡಬೇಕು. ಬ್ರಷ್ ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ಹೇಳುವುದು ಬಾಚಣಿಗೆ. ಈ ಉದ್ದಕ್ಕೆ ವಾರಕ್ಕೆ ಮೂರು ಸಲ, ಒಂದೊಂದು ಸಲ ಹತ್ತು ಹದಿನೈದು ನಿಮಿಷ. ರಾತ್ರಿ ಧಾರಾವಾಹಿ ನೋಡುತ್ತಾ ಅವರು ಅದನ್ನು ಮಾಡಿಕೊಂಡು ಹೋದರು. ಬಾಚದೆ ಸ್ನಾನವಿಲ್ಲ. ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ, ಅದೂ ಕರೆಂಟ್ ಇರುವುದು ಖಾತ್ರಿಯಾದ ಬೆಳಗಿನ ಹೊತ್ತು. ಅರ್ಧ ಒಣಗಿದ ಪೂಡಲ್ ಅಂದರೆ ಮರುದಿನದ ಗಂಟು. ಸ್ನಾನದ ನಂತರ ಕಿವಿಯೊಳಗೆ ಹತ್ತಿಯಿಂದ ಒರೆಸುವುದು. ಇಳಿಬಿದ್ದ ಕಿವಿಯೊಳಗೆ ತೇವ ನಿಂತರೆ ಸೋಂಕು ತಪ್ಪಿದ್ದಲ್ಲ. ಮಷೀನ್ ಹಾಲಿಗೆ ಇಳಿಯುವ ಮೆಟ್ಟಿಲ ಬಾಯಿಗೆ ಅಪ್ಪ ಒಂದು ಚಿಕ್ಕ ಗೇಟ್ ಹಾಕಿಸಿದರು, ನೀಲಿ ದಾರದ ಕಾಟ ಅಲ್ಲಿಗೆ ನಿಂತಿತು. ನಾನು ಐದಾರು ವಾರಕ್ಕೊಮ್ಮೆ ಪೂರ್ತಿ ಕಟಿಂಗ್, ನಡುವೆ ಮುಖ ಮತ್ತು ಪಾದ ಎಂದು ಲೆಕ್ಕ ಮಾಡಿದೆ.

ಮಳೆಗಾಲದಲ್ಲಿ ಕಂಕುಳಿನ ಸಿಕ್ಕು ಮತ್ತೆ ಬಂತು. ಬಾಚುವುದರಲ್ಲಿ ಕೊರತೆಯಿರಲಿಲ್ಲ. ಹಾರ್ನೆಸ್ ಇಡೀ ದಿನ ಮೈಮೇಲೇ ಇರುತ್ತಿತ್ತು, ಒದ್ದೆಯ ದಿನಗಳಲ್ಲಿ ಆ ಪಟ್ಟಿಯ ಉಜ್ಜಾಟ ಸಾಕಾಯಿತು. ವಾಕಿಂಗ್‌ಗೆ ಮಾತ್ರ ಹಾಕಿ, ಬಂದ ಕೂಡಲೇ ಬಿಚ್ಚಿ ಎಂದೆ. ಆಮೇಲೆ ಅಲ್ಲಿ ಗಂಟು ಕಂಡಿಲ್ಲ.

ಟೆಡ್ಡಿಯ ಸರದಿ

ಅಕ್ಟೋಬರ್‌ನಿಂದ ಮೈ ಕೂದಲು ಬೆಳೆಯಲು ಬಿಟ್ಟೆವು. ಮಗಳು ಮಾತು ಉಳಿಸಿಕೊಂಡಿದ್ದಳು, ಕಿವಿ ಜುಟ್ಟುಗಳಲ್ಲಿ ಬಾಚಣಿಗೆ ನೀರಿನಲ್ಲಿ ಹೋದ ಹಾಗೆ ಹೋಗುತ್ತಿತ್ತು. ಡಿಸೆಂಬರ್‌ನಲ್ಲಿ ಮೂತಿ ದುಂಡಗೆ ಬಿಟ್ಟು ಟೆಡ್ಡಿ ಕಟ್ ಮಾಡಿದೆ. ಚೆಂದ ಕಂಡಿತು, ಸುಳ್ಳು ಹೇಳುವುದಿಲ್ಲ. ಫೋಟೋಗಳು ನೆಂಟರ ಗುಂಪುಗಳನ್ನೆಲ್ಲ ಸುತ್ತಿದವು.

ಸಂಕ್ರಾಂತಿ ಹೊತ್ತಿಗೆ ಅಮ್ಮ ಫೋನ್ ಮಾಡಿದರು. ಬೆಲ್ಲಳಿಗೆ ರಾತ್ರಿ ಮೊಸರನ್ನ. ಗಡ್ಡದ ಕೂದಲಲ್ಲಿ ಅಗುಳು ಒಣಗಿ ಅಂಟಿಕೊಂಡು, ಬೆಳಗ್ಗೆ ಹುಳಿ ವಾಸನೆ, ತುಟಿಯ ಅಂಚಿನಲ್ಲಿ ಕಂದು ಕಲೆ. ಊಟವಾದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಬಾಚಬೇಕಿತ್ತು, ಪರೀಕ್ಷೆಯ ದಿನಗಳಲ್ಲಿ ಮಗಳಿಗೆ ಅದು ಆಗಲಿಲ್ಲ. ನಾನು ಹೋದಾಗ ಅವಳೇ, "ಮುಖ ಮೊದಲಿನ ಹಂಗ ಮಾಡ್ರಿ ಅಂಕಲ್, ಮೈ ಹಂಗೇ ಇರ್ಲಿ" ಎಂದಳು. ಮೈಮೇಲಿನ ಎರಡು ಸೆಂ.ಮೀ. ಕೂದಲು ಬುಡದವರೆಗೆ ಬಾಚಣಿಗೆಗೆ ಬಿಟ್ಟುಕೊಡುತ್ತಿತ್ತು. ಕೂದಲು ಬದಲಾಗುವ ವಯಸ್ಸೂ ದಾಟಿತ್ತು. ಮೈ ಉಳಿಸಿ ಮುಖ ಮಾತ್ರ ತೆಗೆದೆ.

ಯುಗಾದಿಗೆ ವಾರ ಮುಂಚೆ ಮತ್ತೆ ಬೇಸಿಗೆಯ ಕಟ್. ರಜೆಯಲ್ಲಿ ಅವರು ಹೊಸಪೇಟೆಯ ನೆಂಟರ ಮನೆಯಲ್ಲಿ ಇರುತ್ತಾರೆ, ಅಲ್ಲಿ ಬೇರೆ ಯಾರಾದರೂ ಕತ್ತರಿಸಬೇಕಾಗಬಹುದು. ಗ್ರೂಮರ್‌ಗೆ "ಸ್ವಲ್ಪ ಸಣ್ಣಗೆ", "ಮೀಡಿಯಂ" ಎಂದರೆ ಒಬ್ಬೊಬ್ಬರಿಗೆ ಒಂದೊಂದು ಅರ್ಥ. ಅದಕ್ಕೆ ಅಡುಗೆಮನೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಅಮ್ಮ ಬರೆದುಕೊಂಡಿದ್ದಾರೆ: ಬೆನ್ನು 5ಎಫ್, 6 ಮಿ.ಮೀ.; ಕಂಕುಳು, ತೊಡೆ ಸಂದಿ 7ಎಫ್; ಮುಖ, ಪಾದ 10; ಕಾಲು ಕತ್ತರಿಯಲ್ಲಿ ಒಂದೂವರೆ ಸೆಂ.ಮೀ.; ಬಾಚದೆ ನೀರು ಹಾಕಬಾರದು; ಜುಟ್ಟು ಮುಟ್ಟಬೇಡಿ, ಮನೆಯವರು ಮಾಡಿಕೊಳ್ಳುತ್ತಾರೆ.